ರಿಂಗಿಗೂ ಲೆಕ್ಕ, ಸೆಕೆಂಡಿಗೂ ಲೆಕ್ಕ

2019ರ ಅಕ್ಟೋಬರ್ ಹೊತ್ತಿಗೆ ನಮ್ಮ ಮೊಬೈಲುಗಳು ರಿಂಗಾಗುವ ಅವಧಿ ಇದ್ದಕ್ಕಿದ್ದಂತೆ ಕುಗ್ಗಿತು. ಅಡುಗೆಮನೆಯಿಂದ ಕೈ ಒರೆಸಿಕೊಂಡು ಬರುವಷ್ಟರಲ್ಲಿ ಕರೆ ಕಟ್. ನೋಡಿದರೆ ಮಿಸ್ಡ್ ಕಾಲ್. ಜಿಯೊ ರಿಂಗನ್ನು 20 ಸೆಕೆಂಡಿಗೆ ಇಳಿಸಿತ್ತು. ಏರ್‌ಟೆಲ್ ಮೊದಲು ದೂರಿತು, ಆಮೇಲೆ ತಾನೂ 25ಕ್ಕೆ ಇಳಿಸಿತು. ಎಲ್ಲಕ್ಕೂ ಕಾರಣ 6 ಪೈಸೆ. ಒಂದು ಕಂಪನಿಯ ನಂಬರಿನಿಂದ ಇನ್ನೊಂದಕ್ಕೆ ಕರೆ ಹೋದರೆ, ಕರೆ ಹೊರಟ ಕಂಪನಿಯು ಕರೆ ಮುಟ್ಟಿದ ಕಂಪನಿಗೆ ನಿಮಿಷಕ್ಕೆ ಅಷ್ಟು ಕೊಡಬೇಕಿತ್ತು. ರಿಂಗ್ ಬೇಗ ನಿಂತರೆ ಆ ಕಡೆಯವರೇ ವಾಪಸ್ ಫೋನ್ ಮಾಡುತ್ತಾರೆ; ಕೊಡಬೇಕಾದ ಕಾಸು ಬರಬೇಕಾದ ಕಾಸಾಗುತ್ತದೆ. ಕೊನೆಗೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ನಡುವೆ ಬಂದು, ಮೊಬೈಲ್ 30 ಸೆಕೆಂಡು ರಿಂಗಾಗಬೇಕೆಂದು ವಿಧಿಸಿತು.

2ಜಿ, 3ಜಿ, 4ಜಿ ಎಂದು ತಲೆಮಾರು ಎಣಿಸುವುದು ಎಂಜಿನಿಯರುಗಳ ಲೆಕ್ಕ. ನಮ್ಮ ದೇಶದಲ್ಲಿ ಕಂಪನಿಗಳು ಗೆದ್ದದ್ದು, ಮುಳುಗಿದ್ದು ಬೇರೆ ಲೆಕ್ಕದಲ್ಲಿ: ಯಾವುದನ್ನು ಎಣಿಸಿ ದುಡ್ಡು ಕೇಳಬೇಕು, ಯಾರ ಹತ್ತಿರ ಕೇಳಬೇಕು.

1995ರ ಜುಲೈ 31ರಂದು ಕಲ್ಕತ್ತದ ರೈಟರ್ಸ್ ಬಿಲ್ಡಿಂಗಿನಿಂದ ಜ್ಯೋತಿ ಬಸು ದೆಹಲಿಯಲ್ಲಿದ್ದ ದೂರಸಂಪರ್ಕ ಸಚಿವ ಸುಖ್ ರಾಮ್ ಅವರಿಗೆ ಮಾಡಿದ್ದೇ ದೇಶದ ಮೊದಲ ಮೊಬೈಲ್ ಕರೆ. ಆಗ ದರ ನಿಮಿಷಕ್ಕೆ 16.80 ರೂಪಾಯಿವರೆಗೂ ಇತ್ತು. ಫೋನ್ ಬಂದರೂ ಕಾಸು, ಮಾಡಿದರೂ ಕಾಸು. ಕರ್ನಾಟಕದಲ್ಲಿ ಜೆಟಿಎಂ ಮತ್ತು ಸ್ಪೈಸ್ ಕಾಲಿಟ್ಟವು. ಮೊದಲನೆಯದನ್ನು 1999ರಲ್ಲಿ ಏರ್‌ಟೆಲ್‌ನ ಒಡೆಯ ಭಾರ್ತಿ ಕೊಂಡಿತು. ಎರಡನೆಯದು 2008ರಲ್ಲಿ ಐಡಿಯಾ ಪಾಲಾಯಿತು. ಲೈಸೆನ್ಸಿಗಾಗಿ ಹುಚ್ಚು ಬೆಲೆ ಕೂಗಿದ್ದ ಕಂಪನಿಗಳು ಕಂತು ಕಟ್ಟಲಾಗದೆ ಒದ್ದಾಡುತ್ತಿದ್ದಾಗ, 1999ರ ದೂರಸಂಪರ್ಕ ನೀತಿ ನಿಗದಿತ ಶುಲ್ಕದ ಬದಲು ಆದಾಯದಲ್ಲಿ ಪಾಲು ಕೇಳಿತು. ಆ ಹೊತ್ತಿಗೆ ಎಲ್ಲರಿಗೂ ಉಸಿರು ಬಂತು. ಆದರೆ ‘ಆದಾಯ’ ಎಂದರೆ ಯಾವುದು ಎಂಬ ಜಗಳವೂ ಅಲ್ಲೇ ಹುಟ್ಟಿತು.

ಮುಂದಿನ ಹೊಡೆತ ರಿಲಯನ್ಸ್‌ನದು. 2002ರ ಡಿಸೆಂಬರ್ 28ರಂದು ಸಿಡಿಎಂಎ ತಂತ್ರಜ್ಞಾನ ಹಿಡಿದು ಬಂತು. 2003ರ ಮಳೆಗಾಲದಲ್ಲಿ 501 ರೂಪಾಯಿ ಮುಂಗಡಕ್ಕೆ ಹ್ಯಾಂಡ್‌ಸೆಟ್ ಕೈಗಿಟ್ಟಿತು. ಆ ಸೆಟ್ಟಿನಲ್ಲಿ ಸಿಮ್ ಇರಲಿಲ್ಲ, ನಂಬರು ಸೆಟ್ಟಿನೊಳಗೇ ಕೂತಿತ್ತು. ಬೇರೆ ಕಂಪನಿಗೆ ಹೋಗಬೇಕೆಂದರೆ ಫೋನನ್ನೇ ಬಿಡಬೇಕು. ಅದೇ ವರ್ಷ ಬರುವ ಕರೆ ಉಚಿತವಾಯಿತು. ಮಿಸ್ಡ್ ಕಾಲ್ ನಮ್ಮ ಜನಜೀವನಕ್ಕೆ ಇಳಿದದ್ದು ಹೀಗೆ. ಒಂದು ರಿಂಗ್ ಎಂದರೆ ಬಸ್ಸಿಳಿದೆ, ಎರಡು ಎಂದರೆ ಗೇಟಿನ ಹತ್ತಿರ ಬಾ. ಇದರಲ್ಲಿ ಕಂಪನಿಗೆ ದಕ್ಕಿದ್ದು ಸೊನ್ನೆ.

ಏರ್‌ಟೆಲ್ 2004ರಲ್ಲಿ ಮಾಡಿದ್ದು ಇನ್ನೂ ಜಾಣತನದ ಕೆಲಸ, ಗ್ರಾಹಕರ ಕಣ್ಣಿಗೆ ಮಾತ್ರ ಬೀಳಲಿಲ್ಲ. ನೆಟ್‌ವರ್ಕನ್ನು ಎರಿಕ್ಸನ್ನಿಗೆ, ಕಂಪ್ಯೂಟರ್ ವ್ಯವಸ್ಥೆಯನ್ನು ಐಬಿಎಂಗೆ ವಹಿಸಿತು; ಯಂತ್ರ ಕೊಂಡು ಗುಡ್ಡೆ ಹಾಕುವ ಬದಲು ಬಳಸಿದ ಸಾಮರ್ಥ್ಯಕ್ಕಷ್ಟೇ ಹಣ ಕೊಟ್ಟಿತು. ಪೈಸೆ ಲೆಕ್ಕದ ದರದಲ್ಲೂ ಲಾಭ ಮಾಡಬಹುದೆಂದು ಜಗತ್ತಿಗೆ ತೋರಿಸಿದ್ದು ಇದೇ. ನಾಯಿಮರಿಯ ಜಾಹೀರಾತು ಹಚ್ ಕಂಪನಿಯ ಹೆಸರನ್ನು ಮನೆಮನೆಗೆ ಮುಟ್ಟಿಸಿತು, ನಿಜ; ದುಡ್ಡು ಮಾಡಿಸಿದ್ದು ಇಂಥ ಸಪ್ಪೆ ಕರಾರುಗಳು.

ಇಷ್ಟಾದರೂ ಅಳತೆಗೋಲು ನಿಮಿಷವೇ ಆಗಿತ್ತು. 65 ಸೆಕೆಂಡು ಮಾತಾಡಿದರೆ 2 ನಿಮಿಷದ ಬಿಲ್ಲು. 58ಕ್ಕೆ ಫೋನಿಡುವ ಕಲೆ ಎಷ್ಟೋ ಜನರಿಗೆ ಸಿದ್ಧಿಸಿತ್ತು. 2009ರಲ್ಲಿ ಟಾಟಾ ಡೊಕೊಮೊ ಸೆಕೆಂಡಿಗೆ 1 ಪೈಸೆ ಎಂದು ಬಂದದ್ದೇ ತಡ, ದೊಡ್ಡವರೆಲ್ಲ ಕೆಲವೇ ತಿಂಗಳಲ್ಲಿ ಅದೇ ದಾರಿ ಹಿಡಿದರು. ತಂತ್ರಜ್ಞಾನ ಹೊಸದೇನಲ್ಲ, ಸೆಕೆಂಡು ಎಣಿಸಲು ಕಂಪನಿಯ ಯಂತ್ರಗಳಿಗೆ ಮೊದಲೂ ಬರುತ್ತಿತ್ತು. ಎಣಿಸುವ ಮನಸ್ಸಿರಲಿಲ್ಲ ಅಷ್ಟೆ.

2016ರ ಸೆಪ್ಟೆಂಬರ್ 5ರಂದು ಜಿಯೊ ಮಾತಿನ ಮೀಟರನ್ನೇ ಕಿತ್ತೆಸೆಯಿತು. ಅದಕ್ಕೆ ಹಳೆಯ 2ಜಿಯ ಹೊರೆ ಇರಲಿಲ್ಲ. ಬೇರೆಯವರ ನೆಟ್‌ವರ್ಕಿನಲ್ಲಿ 4ಜಿ ಇದ್ದದ್ದು ಇಂಟರ್‌ನೆಟ್ಟಿಗೆ, ಮಾತು ಹಳೆಯ ಹಾದಿಯಲ್ಲೇ. ಜಿಯೊದಲ್ಲಿ ಮಾತೂ ಡೇಟಾನೇ. ಒಂದು ನಿಮಿಷದ ಸಂಭಾಷಣೆ 1 ಎಂಬಿಯನ್ನೂ ಮುಟ್ಟದು. ಅದಕ್ಕೆ ಬೇರೆ ದರ ಕೇಳದಿದ್ದರೂ ಕಂಪನಿಗೆ ಕಳೆದುಕೊಳ್ಳುವುದು ಅಲ್ಪ. ಮಾರ್ಚ್ 2017ರವರೆಗೆ ಎಲ್ಲವೂ ಪುಕ್ಕಟೆ. 1 ಜಿಬಿಗೆ 250 ರೂಪಾಯಿ ಆಸುಪಾಸು ಕೊಡುತ್ತಿದ್ದವರು ದಿನಕ್ಕೆ 1 ಜಿಬಿ ಉರಿಸತೊಡಗಿದರು. ಏರ್‌ಸೆಲ್ ದಿವಾಳಿ, ಸಿಡಿಎಂಎ ತಂದಿದ್ದ ರಿಲಯನ್ಸ್, ಅಂದರೆ ಆರ್‌ಕಾಂ, ಬಾಗಿಲು ಮುಚ್ಚಿತು, ಟಾಟಾ, ಟೆಲಿನಾರ್ ಏರ್‌ಟೆಲ್ ಸೇರಿದವು, ವೊಡಾಫೋನ್ ಮತ್ತು ಐಡಿಯಾ 2018ರಲ್ಲಿ ಒಂದಾದವು. ಉಳಿದವರಿಗೆ 2019ರ ಅಕ್ಟೋಬರ್ 24ರಂದು, ಅಂದರೆ ರಿಂಗಿನ ಜಗಳ ಕಾವೇರಿದ್ದಾಗಲೇ, ಹಳೆಯ ‘ಆದಾಯ’ದ ಜಗಳಕ್ಕೆ ಸುಪ್ರೀಂ ಕೋರ್ಟು ಕೊಟ್ಟ ಎಜಿಆರ್ ತೀರ್ಪು ಬಡಿಯಿತು: ಫೋನ್ ವ್ಯವಹಾರದಾಚೆಗಿನ ವರಮಾನವೂ ಸರ್ಕಾರದ ಪಾಲಿನ ಲೆಕ್ಕಕ್ಕೆ ಸೇರುತ್ತದೆ. ವೊಡಾಫೋನ್ ಐಡಿಯಾ ಕಟ್ಟಲಾಗದ ಬಾಕಿ ಷೇರಾಗಿ ಬದಲಾಗಿ, ಅಲ್ಲಿ ಇಂದು ಸರ್ಕಾರವೇ ದೊಡ್ಡ ಷೇರುದಾರ. 6 ಪೈಸೆಯ ಪದ್ಧತಿ 2021ರ ಜನವರಿ 1ಕ್ಕೆ ಮುಗಿಯಿತು.

ನಿಮಿಷ ಹೋಯಿತು, ಸೆಕೆಂಡು ಹೋಯಿತು. ಈಗ ಎಣಿಸುವುದು ದಿನವನ್ನು. ‘ತಿಂಗಳ’ ಪ್ಯಾಕ್ ಎಂದರೆ 28 ದಿನ; ಹಾಗಾಗಿ ವರ್ಷಕ್ಕೆ 12 ಅಲ್ಲ, 13 ಸಲ ಕರೆನ್ಸಿ ಹಾಕಿಸಬೇಕು. 30 ದಿನದ ಪ್ಯಾಕ್ ಒಂದಾದರೂ ಇರಲಿ ಎಂದು 2022ರಲ್ಲಿ ಟ್ರಾಯ್ ಆದೇಶಿಸಬೇಕಾಯಿತು. ಹತ್ತಾರು ಕಂಪನಿಗಳಿದ್ದಾಗ ದರ ಇಳಿಸಲು ಯಾರ ಆದೇಶವೂ ಬೇಕಿರಲಿಲ್ಲ. 2024ರ ಜುಲೈಯಲ್ಲಿ ಮೂರೂ ಖಾಸಗಿ ಕಂಪನಿಗಳು ಹೆಚ್ಚುಕಡಿಮೆ ಒಟ್ಟಿಗೇ ದರ ಏರಿಸಿದವು. ಇದನ್ನು ಪೈಪೋಟಿ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಮನೆಯಲ್ಲಿ ಕೀಪ್ಯಾಡ್ ಫೋನ್ ಬಳಸುವ ಹಿರಿಯರಿದ್ದರೆ ಇದೊಂದು ಗಮನಿಸಿ. ಡೇಟಾ ಇಲ್ಲದ, ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕನ್ನೂ ಕಂಪನಿಗಳು ಕೊಡಲೇಬೇಕೆಂದು 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿದೆ. ಅದರ ಅವಧಿ 365 ದಿನಗಳವರೆಗೂ ಇರಬಹುದು. ಅಂಗಡಿಯವರು ತಾವಾಗಿ ಹೇಳದಿರಬಹುದು, ಕೇಳಿ ಹಾಕಿಸಿ.