ಪ್ರೇಷಿತ ಕಾರ್ಯಕ್ಕೆ ದೈವಶಾಸ್ತ್ರವೊಂದೇ ಸಾಕೇ?



ಅಕ್ಟೋಬರ್ ತಿಂಗಳ ಮಿಷನ್ ಭಾನುವಾರದಂದು ನಾವು ಪ್ರಾರ್ಥಿಸುತ್ತೇವೆ, ಕಾಣಿಕೆ ನೀಡುತ್ತೇವೆ. ಪ್ರೇಷಿತರು ಏನೇನು ಕಲಿತಿರಬೇಕೆಂದು ಕೇಳುವುದು ಮಾತ್ರ ಅಪರೂಪ. ಎರಡನೇ ವ್ಯಾಟಿಕನ್ ಮಹಾಸಭೆಯು ಧರ್ಮಸಭೆಯ ಪ್ರೇಷಿತ ಕಾರ್ಯದ ಬಗ್ಗೆ 1965ರಲ್ಲಿ ಹೊರಡಿಸಿದ ಆಜ್ಞಾಪತ್ರವು ಜನಾಂಗಶಾಸ್ತ್ರ, ಭಾಷಾಶಾಸ್ತ್ರ, ಧರ್ಮಗಳ ಇತಿಹಾಸ, ಸಮಾಜಶಾಸ್ತ್ರಗಳನ್ನು ಹೆಸರಿಸಿಯೇ ಹೇಳುತ್ತದೆ.

ಇದೇಕೆಂದು ತಿಳಿಯಲು ನಮ್ಮ ಮೈಸೂರು ಸೀಮೆಯ ಚರಿತ್ರೆಯನ್ನೇ ನೋಡೋಣ. 1799ರಲ್ಲಿ ಟಿಪ್ಪುವಿನ ಪತನದ ನಂತರ, ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಫ್ರೆಂಚ್ ಗುರು ಅಬ್ಬೆ ದ್ಯುಬುವಾ ಶ್ರೀರಂಗಪಟ್ಟಣಕ್ಕೆ ಬಂದರು. ಇಲ್ಲಿನವರಂತೆಯೇ ಉಡುಪು ಧರಿಸಿದರು, ಇಲ್ಲಿನ ಆಚಾರಗಳನ್ನು ಕಲಿತರು. ಅವರ ಹೆಸರಿನಲ್ಲಿ 1816ರಲ್ಲಿ ಇಂಗ್ಲಿಷಿನಲ್ಲಿ ಬಂದ ಹಿಂದೂ ಆಚಾರ ವಿಚಾರಗಳ ಗ್ರಂಥ ಪ್ರಸಿದ್ಧವಾಯಿತು. ಅದರ ಬಹುಭಾಗ ಯೇಸುಸಭೆಯ ಗುರು ಕೂರ್ದೂ ಅವರ ಹಳೆಯ ಬರಹದಿಂದ ಬಂದದ್ದೆಂದು ಸಂಶೋಧಕಿ ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ನಮಗೆ ಇರಿಸುಮುರಿಸಾದರೂ ಇತಿಹಾಸಕಾರರ ಇಂಥ ಪರಿಶೀಲನೆ ಬೇಕೇ ಬೇಕು.

ದ್ಯುಬುವಾ 1823ರಲ್ಲಿ ಸ್ವದೇಶಕ್ಕೆ ಮರಳಿದರು. ಹಿಂದೂಗಳ ಮತಾಂತರ ಆಗದ ಮಾತೆಂದು ಅದೇ ವರ್ಷ ಪ್ರಕಟವಾದ ಪತ್ರಗಳಲ್ಲಿ ಬರೆದರು. ಹಾಗಾದರೆ ಅವರ ಸೇವೆಯೆಲ್ಲ ವ್ಯರ್ಥವಾಯಿತೇ? ಜ್ಞಾನಸ್ನಾನದ ದಾಖಲೆ ಪುಸ್ತಕವೊಂದನ್ನೇ ತೆರೆದು ಕುಳಿತವರು ಹೌದೆಂದಾರು. ಆದರೆ ವೈದ್ಯಕೀಯ ಚರಿತ್ರೆಯನ್ನು ಓದಿದವರಿಗೆ ಇನ್ನೊಂದು ಸಂಗತಿ ಗೊತ್ತು. ಸಿಡುಬಿನ ಹೊಸ ಲಸಿಕೆ ಭಾರತಕ್ಕೆ ತಲುಪಿದ್ದು 1802ರಲ್ಲಿ. ಜನ ಅದಕ್ಕೆ ಹೆದರುತ್ತಿದ್ದ ಆ ದಿನಗಳಲ್ಲೇ, 1803-04ರಲ್ಲಿ, ಮೈಸೂರು ಸೀಮೆಯ ಸಾವಿರಾರು ಮಂದಿಗೆ ದೇವಿ ಹಾಕಿಸಲು ಟೊಂಕ ಕಟ್ಟಿ ನಿಂತವರು ಇದೇ ಗುರುಗಳು.