ಸ್ಟೀರಿಂಗ್ ನೆಟ್ಟಗಿತ್ತು, ಕಾರು ಮಾತ್ರ ಸೊಟ್ಟ

ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿ ಒಂದೂವರೆ ವರ್ಷ ಮನೆಯಲ್ಲೇ ಇದ್ದೆ. ಬೆಳಿಗ್ಗೆ ಅಪ್ಪನ ಜೊತೆ ಗದ್ದೆ, ಸಂಜೆ ನೀರಮಾನ್ವಿ ಬಸ್‌ಸ್ಟ್ಯಾಂಡಿನ ಕಟ್ಟೆ. ‘ಎಲ್ಲಿ ಕೆಲಸ?’ ಎಂದು ಕೇಳುವವರು ಬರುತ್ತಾರೆಂದು ಯಲ್ಲಮ್ಮನ ಜಾತ್ರೆಗೂ ಹೊತ್ತು ಮುಳುಗಿದ ಮೇಲೆ ಹೋಗಿ ಕಾಯಿ ಒಡೆಸಿಕೊಂಡು ಬಂದವನು ನಾನು. ನಿಮ್ಮಲ್ಲೂ ಹಲವರಿಗೆ ಈ ಕಷ್ಟ ಗೊತ್ತಿರುತ್ತದೆ.

ಕೊನೆಗೆ ರಾಯಚೂರಿನ ಒಂದು ಗ್ಯಾರೇಜಿಗೆ ಸೇರಿದೆ. ಮೂರು ತಿಂಗಳು ನೋಡಿ ಸಂಬಳ ಹೇಳುತ್ತೇನೆ ಎಂದಿದ್ದರು ಉಸ್ತಾದ್. ಅವರು ಏಳನೇ ಇಯತ್ತೆ ಪಾಸಾಗಿಲ್ಲ. ನನ್ನನ್ನು ಕರೆಯುತ್ತಿದ್ದುದು ‘ಏ ಇಂಜಿನಿಯರ್’ ಎಂದು. ಅದು ಮರ್ಯಾದೆಯೋ ಗೇಲಿಯೋ ಇವತ್ತಿಗೂ ಬಗೆಹರಿದಿಲ್ಲ.

ಮೂರನೇ ತಿಂಗಳಲ್ಲಿ ಒಬ್ಬ ನಿವೃತ್ತ ಡಾಕ್ಟರು ತಮ್ಮ ಸ್ಟ್ಯಾಂಡರ್ಡ್ ಹೆರಾಲ್ಡ್ ತಂದರು. ಟ್ರ್ಯಾಕ್ಟರ್, ಬೊಲೆರೊ ನೋಡಿದ ಕಣ್ಣಿಗೆ ಅದೊಂದು ಆಟಿಕೆ. ಇಟಲಿಯ ಮಿಕೆಲೊಟ್ಟಿ ಚಿತ್ರ ಬರೆದ ಈ ಕಾರು ಇಂಗ್ಲೆಂಡಿನಲ್ಲಿ 1959ರಲ್ಲಿ ಟ್ರಯಂಫ್ ಹೆಸರಿನಲ್ಲಿ ಬಂತು. 1961ರಿಂದ ಮದ್ರಾಸಿನಲ್ಲೇ ತಯಾರಾಯಿತು. 1962ರ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರನ್ನು ಕಟ್ಟಿದ್ದು ಇದರ ಚಾಸಿಯನ್ನೇ ಮೊಟಕು ಮಾಡಿ. ಬಾನೆಟ್ ಎತ್ತಿದರೆ ಮಡ್‌ಗಾರ್ಡ್ ಸಮೇತ ಮುಂಭಾಗವೆಲ್ಲ ಎದ್ದು ನಿಲ್ಲುತ್ತದೆ. ಮುಂದಿನ ಟೈರಿನ ಮೇಲೆ ಕೂತು ಕೆಲಸ ಮಾಡಬಹುದು. ಡಾಕ್ಟರ ಮೊಮ್ಮಗ ಅದಕ್ಕೆ ಮರದ ಅಂಚಿನ, ಮೂರು ಕಡ್ಡಿಯ ಸ್ಪೋರ್ಟ್ಸ್ ಸ್ಟೀರಿಂಗ್ ತರಿಸಿಕೊಟ್ಟಿದ್ದ. ‘ಒಂದು ನಟ್ಟಿನ ಕೆಲಸ, ನೀನೇ ಮಾಡು’ ಎಂದು ಉಸ್ತಾದ್ ಸಿಂಧನೂರಿಗೆ ಹೋದರು.

ಒಂದೇ ನಟ್ಟು ನಿಜ. ಆದರೆ ಸ್ಟೀರಿಂಗ್ ಕೂರುವುದು ಕಂಬಿಯ ತುದಿಯ ಹಲ್ಲುಗಳ ಮೇಲೆ. ವೃತ್ತಕ್ಕೆ 36 ಹಲ್ಲಿದ್ದರೆ ಒಂದು ಹಲ್ಲು ತಪ್ಪಿದರೂ 10 ಡಿಗ್ರಿ ವಾರೆ. ಬಿಚ್ಚುವ ಮೊದಲು ಚಕ್ರ ನೆಟ್ಟಗಿಟ್ಟು ಕಂಬಿಗೆ ಗುರುತು ಹಾಕಬೇಕಿತ್ತು. ನಾನು ಹಾಕಲಿಲ್ಲ. ಹೊಸದನ್ನು ಕೂರಿಸಿ ಓಡಿಸಿದರೆ ಕಾರು ನೇರ ಹೋಗುವಾಗ ಸ್ಟೀರಿಂಗ್ ಎಡಕ್ಕೆ ವಾಲಿತ್ತು.

ಮತ್ತೆ ಬಿಚ್ಚಬಹುದಿತ್ತು. ನಟ್ಟು ಗಟ್ಟಿಯಾಗಿ ಬಿಗಿದಿದ್ದೆ, ಹೊಸ ಮರಕ್ಕೆ ಗೀರು ಬೀಳುವ ಭಯ. ಜೊತೆಗೆ ಪುಸ್ತಕದ ಬುದ್ಧಿ ಬೇರೆ ಓಡಿತು: ಒಂದು ಕಡೆಯ ಟೈರಾಡ್ ಉದ್ದ ಮಾಡಿ, ಇನ್ನೊಂದು ಕಡೆಯದನ್ನು ಅಷ್ಟೇ ಗಿಡ್ಡ ಮಾಡಿದರೆ ಆಯಿತಲ್ಲ? ಮಾಡಿದೆ. ಸ್ಟೀರಿಂಗ್ ನೆಟ್ಟಗೆ ನಿಂತಿತು. ಉಸ್ತಾದ್ ಬಂದು ನೋಡಿ ತಲೆಯಾಡಿಸಿದರು. ನಾನು ಬಾಯಿ ಬಿಡಲಿಲ್ಲ.

ಮೂರನೇ ದಿನ ಡಾಕ್ಟರು ವಾಪಸ್. ‘ಎಡಕ್ಕೆ ಚೆನ್ನಾಗಿ ಹೊರಳ್ತದ. ಬಲಕ್ಕೆ ಮನಿ ಮುಂದ ರಿವರ್ಸ್ ಹಾಕಬೇಕಾಗ್ಯದ. ಇಂಡಿಕೇಟರೂ ತಾನಾಗಿ ಆರವಲ್ದು.’ ಹೆರಾಲ್ಡ್‌ನ ಹೆಸರೇ ಅದರ ತಿರುವಿನಿಂದ. 25 ಅಡಿಯಲ್ಲಿ ಪೂರ್ತಿ ಸುತ್ತು ಹಾಕುವ ಕಾರು. ಉಸ್ತಾದ್ ರ‍್ಯಾಕ್ ಸವೆದಿರಬೇಕು ಎಂದು ಅನುಮಾನಪಟ್ಟರು. ಹೊಸ ರ‍್ಯಾಕ್ ಎಲ್ಲಿ ಸಿಗುತ್ತದೆ ಎಂದು ಫೋನ್ ಹಚ್ಚತೊಡಗಿದರು.

ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ಹೊಸ ರ‍್ಯಾಕ್ ಬರುತ್ತಿತ್ತು, ಅದರ ಜೊತೆ ಎಲ್ಲವೂ ಸರಿಯಾಗಿ ಕೂರುತ್ತಿತ್ತು, ದುಡ್ಡು ಡಾಕ್ಟರದು. ನನ್ನ ಮೂರು ತಿಂಗಳಿಗೆ ಉಳಿದಿದ್ದು ಹನ್ನೊಂದು ದಿನ. ಅಂಗೈ ಬೆವತಿತ್ತು. ‘ರ‍್ಯಾಕ್ ಚೊಲೊ ಐತ್ರಿ, ನಾನೇ ಸೊಟ್ಟ ಮಾಡೀನಿ’ ಎಂದೆ.

ಉಸ್ತಾದ್ ಫೋನ್ ಕೆಳಗಿಟ್ಟರು. ಡಾಕ್ಟರು ಸ್ಟೂಲ್ ಎಳೆದುಕೊಂಡು ಕೂತು, ‘ಹಂಗಾದ್ರ ಬಿಚ್ಚು’ ಎಂದರು.

ಮುಂಭಾಗ ಜಾಕ್ ಮೇಲೆ ಎತ್ತಿದೆವು. ಎಡ ತುದಿಯಿಂದ ಬಲ ತುದಿಗೆ ಸ್ಟೀರಿಂಗ್ ತಿರುಗಿಸಿ ಎಣಿಸಿದರೆ ಮೂರು ಮುಕ್ಕಾಲು ಸುತ್ತು. ಅದರ ಅರ್ಧಕ್ಕೆ, ಎಂದರೆ ಒಂದೂ ಮುಕ್ಕಾಲಿಗಿಂತ ತುಸು ಹೆಚ್ಚಿಗೆ ಹಿಂದಕ್ಕೆ ತಂದು ನಿಲ್ಲಿಸಿದೆವು. ಅದು ರ‍್ಯಾಕಿನ ನಿಜವಾದ ನಡು. ಅಲ್ಲಿ ಕಂಬಿಗೆ ಬಿಳಿ ಬಣ್ಣದ ಚುಕ್ಕೆ. ಚಕ್ರಗಳು ವಾರೆಯಾಗಿ ನನ್ನನ್ನೇ ನೋಡುತ್ತಿದ್ದವು. ಟೈರಾಡ್‌ಗಳನ್ನು ಎರಡೂ ಕಡೆ ಒಂದೇ ಉದ್ದಕ್ಕೆ ತಂದೆ. ರಿಮ್ಮುಗಳ ನಡುವಿನ ಅಂತರವನ್ನು ಮುಂದೊಮ್ಮೆ ಹಿಂದೊಮ್ಮೆ ಟೇಪ್ ಹಿಡಿದು ಅಳೆದೆ. ಮುಂದೆ ಕೂದಲೆಳೆಯಷ್ಟು ಕಡಿಮೆ ಬರಬೇಕು. ನಾಲ್ಕು ಸಲ ಅಳೆದೆ, ನಾಲ್ಕು ಉತ್ತರ ಬಂತು. ಕಾರನ್ನು ಇಳಿಸಿ, ಹಿಂದೆ ಮುಂದೆ ತಳ್ಳಿದ ಮೇಲೆ ಅಳತೆ ನಿಂತಿತು.

ಆಮೇಲೆ ಸ್ಟೀರಿಂಗ್ ಕಿತ್ತೆ. ನಟ್ಟು ಪೂರ್ತಿ ತೆಗೆಯಬೇಡ, ಎರಡು ಎಳೆ ಬಿಡು ಎಂದರು ಉಸ್ತಾದ್. ಎಳೆಯುವ ರಭಸಕ್ಕೆ ಅದು ಕಳಚಿ ಮುಖಕ್ಕೆ ಬಡಿದು ಅವರದೇ ಒಂದು ಹಲ್ಲು ಹೋಗಿತ್ತಂತೆ. ಸುತ್ತಿಗೆ ಮುಟ್ಟಲೂ ಬಿಡಲಿಲ್ಲ. ಈ ಕಾರಿನ ಕಂಬಿ ಅಪಘಾತದಲ್ಲಿ ಒಳಕ್ಕೆ ಜಾರುವಂಥದ್ದು, ಹೊಡೆದರೆ ಅದೇ ಜಾಗ ಬಿಡುತ್ತದೆ. ನಡುವಿನ ಗುರುತಿಗೆ ಸರಿಯಾಗಿ ಹೊಸ ಸ್ಟೀರಿಂಗ್ ಕೂರಿಸಿದೆ. ಹಲ್ಲು ತಾನಾಗಿ ಒಳಗಿಳಿಯಿತು.

ಡಾಕ್ಟರು ಗ್ಯಾರೇಜಿನ ಎದುರು ಬಲಕ್ಕೆ ಹೊರಳಿಸಿದರು. ಒಂದೇ ಸಲ. ಇಂಡಿಕೇಟರ್ ಟಕ್ ಎಂದು ಆರಿತು. ಅಂದಿನ ಕೂಲಿ ಉಸ್ತಾದ್ ಕೊಡಲಿಲ್ಲ, ನಾನೂ ಕೇಳಲಿಲ್ಲ. ‘ನಾಳೆ ಜಲ್ದಿ ಬಾ, ಕ್ಲಚ್ ಕೆಲಸ ಐತಿ’ ಎಂದರು, ಅಷ್ಟೇ.

ರಸ್ತೆ ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ಡಾಕ್ಟರು ಹಾರ್ನ್ ಒತ್ತಿದರು, ಒತ್ತಿದರು, ಕಿಟಕಿಯಿಂದ ತಲೆ ಹೊರಹಾಕಿ ‘ಹೋಯ್’ ಎಂದು ಕೂಗಿದರು. ಅಂಗಿಯ ಜೇಬು ತಡಕಿದೆ. ಹಾರ್ನ್ ಗುಂಡಿಯ ಕೆಳಗೆ ಕೂರಬೇಕಾದ ಪುಟ್ಟ ಸ್ಪ್ರಿಂಗ್ ಕಡ್ಡಿ ಅಲ್ಲೇ ಇತ್ತು. ಕೈಯಲ್ಲಿ ಹಿಡಿದುಕೊಂಡು ಓಡಿದೆ.