ತೇವವನ್ನರಿಯದ ಯಂತ್ರ

ಒಗೆದ ಬಟ್ಟೆ ಒಣಗಿತೋ ಇಲ್ಲವೋ ಎಂಬುದನ್ನು ತಿಳಿಯಲು ನಮ್ಮ ಮನೆಗಳಲ್ಲಿ ಯಾವ ಉಪಕರಣವೂ ಬೇಕಾಗಿರಲಿಲ್ಲ. ಗಳುವಿನ ಮೇಲಿಂದ ಸೀರೆಯನ್ನು ಕೆಳಗೆಳೆದುಕೊಂಡ ಗೃಹಿಣಿಯು ಸೆರಗಿನ ತುದಿಯನ್ನು ಎರಡು ಬೆರಳುಗಳ ನಡುವೆ ಹಿಡಿದು ನೋಡುತ್ತಾಳೆ; ಮಗುವಿನ ಅಂಗಿಯನ್ನು ಕೆನ್ನೆಗೆ ಒತ್ತಿಕೊಳ್ಳುತ್ತಾಳೆ; ತಣ್ಣಗೆ ತಾಗಿದರೆ ಮತ್ತೆ ಹರವುತ್ತಾಳೆ. ಬೆರಳ ತುದಿಯ ಈ ಅರಿವು ಎಷ್ಟು ಸೂಕ್ಷ್ಮವಾದುದೆಂಬುದು, ಅದೇ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಿದಾಗಲೇ ಮನುಷ್ಯನಿಗೆ ಗೊತ್ತಾದುದು.

ಒದ್ದೆಬಟ್ಟೆಯನ್ನು ಬಿಸಿಗಾಳಿಯಲ್ಲಿ ಉರುಳಾಡಿಸಿ ಒಣಗಿಸುವ ಡ್ರೈಯರ್ ಯಂತ್ರವು ಅಮೆರಿಕದ ಸಂಸಾರಗಳಲ್ಲಿ ಅಡಿಗೆಯ ಒಲೆಯಷ್ಟೇ ಸಾಮಾನ್ಯವಾದ ವಸ್ತು. ಅಲ್ಲಿ ಹೋಗಿ ನೆಲೆಸಿದ ಕನ್ನಡಿಗರ ಮನೆಗಳೂ ಇದಕ್ಕೆ ಹೊರತಲ್ಲ. ಅಂಗಳದಲ್ಲಿ ಹಗ್ಗ ಕಟ್ಟಿ ಬಟ್ಟೆ ಹರವಿದರೆ ಬಡಾವಣೆಯ ಅಂದ ಕೆಡುತ್ತದೆಂದು ಅದನ್ನು ನಿಷೇಧಿಸಿರುವ ವಸತಿ ಸಂಘಗಳು ಆ ದೇಶದಲ್ಲಿ ಉಂಟು. ಸೂರ್ಯನ ಬಿಸಿಲಿನಲ್ಲಿ ಬಟ್ಟೆ ಒಣಗಿಸುವ ಹಕ್ಕನ್ನು ಕಾಪಾಡಲು ವರ್ಮಾಂಟ್, ಮೇಯ್ನ್ ಮುಂತಾದ ಸಂಸ್ಥಾನಗಳು ೨೦೦೯ರಲ್ಲಿ ಶಾಸನವನ್ನೇ ಮಾಡಬೇಕಾಯಿತೆಂದರೆ ನಮ್ಮವರಿಗೆ ನಗು ಬಂದೀತು. ಇತ್ತ ಬೆಂಗಳೂರಿನ ಬಹುಮಹಡಿ ಮನೆಗಳಲ್ಲಿಯೂ, ಒಗೆಯುವ ಮತ್ತು ಒಣಗಿಸುವ ಎರಡು ಕೆಲಸಗಳನ್ನೂ ಒಂದೇ ಹೊಟ್ಟೆಯಲ್ಲಿ ಮಾಡುವ ಯಂತ್ರಗಳು ಬಂದಿವೆ. ಮಳೆಗಾಲದಲ್ಲಿ ಮುಗ್ಗಲು ವಾಸನೆಯಿಂದ ಬೇಸತ್ತವರಿಗೆ ಇದು ವರವೆಂದೇ ತೋರುವುದು ಸಹಜ.

ಆದರೆ ಕೆಲವು ವರ್ಷ ಕಳೆಯುವಷ್ಟರಲ್ಲಿ ಈ ವರಕ್ಕೊಂದು ವಿಚಿತ್ರವಾದ ಕಾಯಿಲೆ ಅಂಟುತ್ತದೆ. ಯಂತ್ರವು ಹತ್ತು ಹದಿನೈದು ನಿಮಿಷ ತಿರುಗಿ, ಕೆಲಸ ಮುಗಿಯಿತೆಂದು ಗಂಟೆ ಬಾರಿಸಿ, ನಿಂತುಬಿಡುತ್ತದೆ. ಬಾಗಿಲು ತೆರೆದರೆ ಬಟ್ಟೆ ಇನ್ನೂ ಹಸಿ. ಕೆಲವೊಮ್ಮೆ ಇದಕ್ಕೆ ತದ್ವಿರುದ್ಧವಾಗಿ, ಕಾದು ಬಿರುಸಾದ ಬಟ್ಟೆಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಗಂಟೆಗಟ್ಟಲೆ ತಿರುಗುತ್ತಲೇ ಇರುತ್ತದೆ. ಕರೆಸಿದ ಮೆಕ್ಯಾನಿಕ್ಕನು ಹತ್ತು ನಿಮಿಷ ನೋಡಿ, "ಸೆನ್ಸರ್ ಹೋಗಿದೆ" ಎಂದೋ "ಬೋರ್ಡೇ ಹೋಗಿದೆ" ಎಂದೋ ತೀರ್ಪು ಕೊಡುತ್ತಾನೆ. ಹೊಸದನ್ನೇ ಕೊಳ್ಳುವುದು ಲೇಸೆಂಬ ಸಲಹೆಯೂ ಅದರ ಹಿಂದೆಯೇ ಬರುತ್ತದೆ. ಆ ತೀರ್ಪು ನಿಜವಿರಬಹುದು. ಆದರೆ ಅನೇಕ ಸಲ ಕೆಟ್ಟಿರುವುದು ಏನೂ ಇರುವುದಿಲ್ಲ. ಯಂತ್ರದ ಚರ್ಮಕ್ಕೆ ಕೊಳೆ ಹಿಡಿದಿರುತ್ತದೆ, ಅಷ್ಟೆ.

ಯಂತ್ರಕ್ಕೆ ಚರ್ಮವೆಂದರೇನು? ಅದನ್ನು ತಿಳಿಯಬೇಕಾದರೆ ಇದರ ಪೂರ್ವಚರಿತ್ರೆಯನ್ನು ಸ್ವಲ್ಪ ನೋಡಬೇಕು. ೧೮೦೦ರ ಸುಮಾರಿಗೆ ಪೋಷೋಂ ಎಂಬ ಫ್ರೆಂಚ್ ಗೃಹಸ್ಥನು ತೂತು ತೂತಾದ ಲೋಹದ ಪೀಪಾಯಿಯೊಂದನ್ನು ಬೆಂಕಿಯ ಮೇಲೆ ಕೈಯಿಂದ ತಿರುಗಿಸಿ ಬಟ್ಟೆ ಒಣಗಿಸಿದನೆಂದು ಹೇಳುತ್ತಾರೆ. ಬಟ್ಟೆ ಒಣಗುತ್ತಿತ್ತು, ಜೊತೆಗೆ ಹೊಗೆಯ ವಾಸನೆಯನ್ನೂ ಹೊತ್ತು ಬರುತ್ತಿತ್ತು. ೧೮೯೨ರಲ್ಲಿ ಜಾರ್ಜ್ ಸ್ಯಾಂಪ್ಸನ್ ಎಂಬ ಕರಿಯ ಅಮೆರಿಕನ್ ಉಪಜ್ಞಕಾರನು ಒಲೆಯ ಶಾಖವನ್ನು ಬಳಸುವ ಸುಧಾರಿತ ಉಪಕರಣವೊಂದಕ್ಕೆ ಪೇಟೆಂಟ್ ಪಡೆದನು. ಮುಂದೆ ಉತ್ತರ ಡಕೋಟಾದ ಕೊರೆಯುವ ಚಳಿಗಾಲದಲ್ಲಿ ಹೊರಗೆ ಬಟ್ಟೆ ಹರವಿ ಹರವಿ ಬೇಸತ್ತ ಜೆ. ರಾಸ್ ಮೂರ್ ಎಂಬಾತನು ಉರುಳೆಯ ಡ್ರೈಯರನ್ನು ರೂಪಿಸಿದನು. ವಿಸ್ಕಾನ್ಸಿನ್ನಿನ ಹ್ಯಾಮಿಲ್ಟನ್ ಕಂಪೆನಿಯು ೧೯೩೮ರಲ್ಲಿ 'ಜೂನ್ ಡೇ' ಎಂಬ ಹೆಸರಿನಿಂದ ಅದನ್ನು ಮಾರಾಟಕ್ಕಿಟ್ಟಿತು. ಅದರ ಬಾಗಿಲಿಗೆ ಗಾಜಿನ ಕಿಟಕಿಯನ್ನಿಡಿಸಿದವನು ಬ್ರೂಕ್ಸ್ ಸ್ಟೀವನ್ಸ್ ಎಂಬ ವಿನ್ಯಾಸಕಾರ. ಒಳಗೆ ಬಣ್ಣಬಣ್ಣದ ಬಟ್ಟೆ ಕುಣಿಯುವುದು ಕಾಣದಿದ್ದರೆ ಬರಿಯ ತಗಡಿನ ಪೆಟ್ಟಿಗೆಯನ್ನು ಯಾರು ತಾನೇ ಕೊಂಡಾರು?

ಆ ಯಂತ್ರಗಳಿಗೆ ಕಾಲ ಗೊತ್ತಿತ್ತು, ತೇವ ಗೊತ್ತಿರಲಿಲ್ಲ. ಇಷ್ಟು ನಿಮಿಷವೆಂದು ಮನೆಯೊಡತಿ ಅಂದಾಜು ಮಾಡಿ ಗುಂಡಿ ತಿರುಗಿಸಬೇಕಿತ್ತು. ಅಂದಾಜು ತಪ್ಪಿದರೆ ಬಟ್ಟೆ ಹಸಿಯಾಗಿ ಉಳಿಯಬೇಕು, ಇಲ್ಲವೇ ಸುಕ್ಕಾಗಬೇಕು. ಈ ಕುರುಡನ್ನು ನೀಗಿಸಲೆಂದೇ ಸಂವೇದಕಗಳು, ಎಂದರೆ ಸೆನ್ಸರುಗಳು, ಬಂದುವು. ಬಹುಪಾಲು ಡ್ರೈಯರುಗಳಲ್ಲಿ ಉರುಳೆಯ ಬಾಯಿಯ ಒಳಗಡೆ, ನೂಲುಧೂಳನ್ನು ಹಿಡಿಯುವ ಜಾಲರಿಯ ಹತ್ತಿರ, ಬೆರಳುದ್ದದ ಎರಡು ಲೋಹದ ಪಟ್ಟಿಗಳು ಒಂದರ ಪಕ್ಕದಲ್ಲೊಂದು ಇರುತ್ತವೆ. ವರ್ಷಗಟ್ಟಲೆ ಯಂತ್ರವನ್ನು ಬಳಸಿದವರೂ ಅವನ್ನು ಅಲಂಕಾರವೆಂದು ಭಾವಿಸಿರುವುದುಂಟು. ಉರುಳುವ ಒದ್ದೆಬಟ್ಟೆಯು ಎರಡು ಪಟ್ಟಿಗಳನ್ನೂ ಒಟ್ಟಿಗೆ ಸವರಿದಾಗ, ಬಟ್ಟೆಯ ನೀರಿನ ಮೂಲಕ ಅತಿ ಸಣ್ಣ ವಿದ್ಯುತ್ ಪ್ರವಾಹವೊಂದು ಈ ಪಟ್ಟಿಯಿಂದ ಆ ಪಟ್ಟಿಗೆ ದಾಟುತ್ತದೆ. ಒಣಬಟ್ಟೆ ಸವರಿದರೆ ಏನೂ ದಾಟದು. ಈ ಸ್ಪರ್ಶಗಳ ಲೆಕ್ಕವನ್ನಿಟ್ಟುಕೊಂಡೇ ಯಂತ್ರದ ನಿಯಂತ್ರಕ ಫಲಕವು ಬಟ್ಟೆ ಒಣಗಿತೆಂದು ತೀರ್ಮಾನಿಸುತ್ತದೆ. ಸೆರಗಿನ ತುದಿಯನ್ನು ಹಿಡಿದು ನೋಡುವ ಎರಡು ಬೆರಳುಗಳು ಇವೇ.

ಬೆರಳಿಗೆ ಮೇಣ ಬಳಿದರೆ ಸ್ಪರ್ಶಜ್ಞಾನ ಉಳಿದೀತೆ? ಬಟ್ಟೆ ಮೆತ್ತಗಾಗಲೆಂದು, ಸುವಾಸನೆ ಬರಲೆಂದು ಡ್ರೈಯರಿನೊಳಗೆ ಹಾಕುವ ಹಾಳೆಗಳಲ್ಲಿ ಮೇಣದಂಥ ಜಿಡ್ಡುದ್ರವ್ಯವಿರುತ್ತದೆ. ಬಟ್ಟೆಗೆ ಅಂಟಿಕೊಳ್ಳುವಂತೆಯೇ ಅದು ಪಟ್ಟಿಗಳಿಗೂ ಕಣ್ಣಿಗೆ ಕಾಣದಷ್ಟು ತೆಳುವಾಗಿ ಅಂಟಿಕೊಳ್ಳುತ್ತದೆ. ಗಡಸು ನೀರಿನ ಊರುಗಳಲ್ಲಿ ಸುಣ್ಣದ ಪೊರೆಯೂ ಸೇರಿಕೊಳ್ಳುತ್ತದೆ. ಕೊಳವೆಬಾವಿಯ ನೀರನ್ನು ನೆಚ್ಚಿಕೊಂಡ ಬೆಂಗಳೂರಿನ ಬಡಾವಣೆಗಳ ಬಕೆಟ್ಟು ಚೊಂಬುಗಳನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಪೊರೆ ದಪ್ಪವಾದಂತೆ ಪ್ರವಾಹ ದಾಟದು. ಒದ್ದೆಬಟ್ಟೆ ತಾಗಿದರೂ ಯಂತ್ರಕ್ಕೆ ಅದು ಒಣಬಟ್ಟೆಯೇ. ಇನ್ನು ಕೆಲವು ಊರುಗಳಲ್ಲಿ ನೀರು ಅತಿ ಮೆದುವಾದುದೇ ತೊಂದರೆಯಾಗುತ್ತದೆ. ವಿದ್ಯುತ್ತನ್ನು ಒಯ್ಯುವುದು ನೀರಿನಲ್ಲಿ ಕರಗಿದ ಲವಣಗಳಾದುದರಿಂದ, ಲವಣ ಕಡಿಮೆಯಾದಲ್ಲಿ ಯಂತ್ರವು ಬೇಗನೆ ಮೋಸಹೋಗುತ್ತದೆ. ಕೆಲವು ಐರೋಪ್ಯ ಯಂತ್ರಗಳಲ್ಲಿ ಊರಿನ ನೀರಿಗೆ ತಕ್ಕಂತೆ ಇದನ್ನು ಹೊಂದಿಸಿಕೊಳ್ಳುವ ಏರ್ಪಾಡೇ ಇದೆ.

ಆದಕಾರಣ ರಿಪೇರಿಯ ಮೊದಲನೆಯ ಹೆಜ್ಜೆ ಬಹಳ ಸುಲಭವಾದುದು. ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಬೇಕು. ಸ್ವಿಚ್ಚನ್ನು ಆರಿಸಿದರೆ ಸಾಲದು. ಮೆತ್ತನೆಯ ಬಟ್ಟೆಯನ್ನು ಬಿಳಿಯ ವಿನಿಗರ್‌ನಲ್ಲಾಗಲಿ, ಗಾಯ ಒರೆಸುವ ಸ್ಪಿರಿಟ್ಟಿನಲ್ಲಾಗಲಿ ಸ್ವಲ್ಪ ನೆನೆಸಿ, ಪಟ್ಟಿಗಳನ್ನು ಹೊಳಪು ಬರುವವರೆಗೂ ಉಜ್ಜಬೇಕು. ಪಾತ್ರೆ ತಿಕ್ಕುವ ಉಕ್ಕಿನ ನಾರನ್ನು ಮಾತ್ರ ಮುಟ್ಟಬಾರದು. ಗೀರು ಬಿದ್ದ ಲೋಹದ ಮೇಲೆ ಕೊಳೆ ಇನ್ನೂ ಬೇಗ ಕೂರುತ್ತದೆ. ಸ್ಪಿರಿಟ್ಟಿನ ಆವಿ ಪೂರ್ತಿ ಆರಿದ ಮೇಲೆಯೇ ಯಂತ್ರವನ್ನು ನಡೆಸಬೇಕೆಂಬುದನ್ನು ಹೇಳಬೇಕಾದ್ದಿಲ್ಲವಾದರೂ ಹೇಳಿಬಿಡುವುದು ಕ್ಷೇಮ. ಒಂದೇ ಒಂದು ಪಂಚೆಯನ್ನೋ ಎರಡು ಅಂಗಿಗಳನ್ನೋ ಹಾಕಿ ನಡೆಸಿ, ಯಂತ್ರ ಕೆಟ್ಟಿದೆಯೆಂದು ದೂರುವವರೂ ಇದ್ದಾರೆ. ಅಷ್ಟು ಸ್ವಲ್ಪ ಬಟ್ಟೆ ಪಟ್ಟಿಗಳನ್ನು ಮುಟ್ಟುವುದೇ ಅಪರೂಪ. ಪಾಪ, ಯಂತ್ರವಾದರೂ ಏನು ಮಾಡೀತು! ರೇಷ್ಮೆಯ ಸೀರೆಯ ಮಾತಂತೂ ಇಲ್ಲಿ ಬೇಡ. ಅದಕ್ಕೆ ಈ ಉರುಳೆಯೊಳಗೆ ಕೆಲಸವೇ ಇಲ್ಲ.

ಉಜ್ಜಿದರೂ ಗುಣ ಕಾಣದಿದ್ದರೆ ಎರಡನೆಯ ಇಂದ್ರಿಯದ ಕಡೆಗೆ ತಿರುಗಬೇಕು. ಅದು ಶಾಖವನ್ನು ಅಳೆಯುವ ಥರ್ಮಿಸ್ಟರ್. ಒಗೆದು ಒಣಗಿಸುವ ಜೋಡಿಯಂತ್ರಗಳಲ್ಲಿ ಕೆಲವಕ್ಕೆ ಪಟ್ಟಿಗಳೇ ಇರುವುದಿಲ್ಲ. ಗಾಳಿಯ ಶಾಖದ ಏರಿಳಿತದಿಂದಲೇ ಅವು ತೇವವನ್ನು ಊಹಿಸುತ್ತವೆ. ಸಾಮಾನ್ಯವಾಗಿ ಲೋಹವು ಕಾದಂತೆ ವಿದ್ಯುತ್ತಿಗೆ ಹೆಚ್ಚು ಅಡ್ಡಿಮಾಡುತ್ತದೆ. ಇದಕ್ಕೆ ವಿರುದ್ಧವಾಗಿ, ಬೆಳ್ಳಿಯ ಸಲ್ಫೈಡ್ ಕಾದಂತೆಲ್ಲ ವಿದ್ಯುತ್ತಿಗೆ ದಾರಿ ಬಿಟ್ಟುಕೊಡುವುದನ್ನು ಮೈಕೆಲ್ ಫ್ಯಾರಡೆ ೧೮೩೩ರಲ್ಲಿ ಗುರುತಿಸಿದ್ದನು. ಅದನ್ನು ವ್ಯಾಪಾರದ ವಸ್ತುವಾಗಿ ರೂಪಿಸುವುದಕ್ಕೆ ಸುಮಾರು ನೂರು ವರ್ಷ ಹಿಡಿಯಿತು. ೧೯೩೦ರಲ್ಲಿ ಆ ಕೆಲಸ ಮಾಡಿದವನು ಸ್ಯಾಮ್ಯುಯೆಲ್ ರೂಬೆನ್. ಅಂದು ಪ್ರಯೋಗಶಾಲೆಯ ಕುತೂಹಲವಾಗಿದ್ದುದು ಇಂದು ಮೆಣಸಿನ ಕಾಳಿನಷ್ಟು ಗಾತ್ರದಲ್ಲಿ ಬಿಸಿಗಾಳಿಯ ದಾರಿಯಲ್ಲಿ ಕುಳಿತಿದೆ.

ಇದನ್ನು ಪರೀಕ್ಷಿಸಲು ಮಲ್ಟಿಮೀಟರ್ ಬೇಕು. ವಿದ್ಯುತ್ ಸಾಮಾನಿನ ಯಾವ ಅಂಗಡಿಯಲ್ಲಿಯೂ ದೊರೆಯುತ್ತದೆ. ಪ್ಲಗ್ಗು ಕಿತ್ತ ಯಂತ್ರದ ಹಿಂಬದಿಯ ಅಥವಾ ಮುಂಬದಿಯ ತಗಡನ್ನು ಬಿಚ್ಚಿ, ಥರ್ಮಿಸ್ಟರಿಗೆ ಸೇರಿದ ತಂತಿಯನ್ನು ಬೇರ್ಪಡಿಸಿ, ಅದರ ಎರಡು ತುದಿಗಳಿಗೆ ಮೀಟರಿನ ಕಡ್ಡಿಗಳನ್ನು ತಾಗಿಸಬೇಕು. ಅನೇಕ ಮಾದರಿಗಳಲ್ಲಿ ೨೫ ಡಿಗ್ರಿ ಶಾಖದಲ್ಲಿ ಅದು ಸುಮಾರು ೧೦,೦೦೦ ಓಮ್ ತೋರಿಸುತ್ತದೆ. ೫೦ ಡಿಗ್ರಿಗೆ ಏರಿದರೆ ಮೂರು ನಾಲ್ಕು ಸಾವಿರಕ್ಕೆ ಇಳಿಯುತ್ತದೆ. ತಲೆಗೂದಲು ಒಣಗಿಸುವ ಯಂತ್ರದಿಂದ ಮೆಲ್ಲಗೆ ಬಿಸಿಗಾಳಿ ಊದಿದಾಗ ಅಂಕೆ ಎಡೆಬಿಡದೆ ಇಳಿಯುತ್ತ ಹೋದರೆ ಅಂಗ ಆರೋಗ್ಯವಾಗಿದೆ. ಕದಲದೆ ನಿಂತರೆ, ನಡುವೆ ಹಾರಿದರೆ, ಅಥವಾ ದಾರಿಯೇ ಇಲ್ಲವೆಂದು ಮೀಟರು ತೋರಿಸಿದರೆ ಅದು ಸತ್ತಿದೆ. ಎಲ್ಲ ಮಾದರಿಗಳ ಅಂಕೆ ಒಂದೇ ಅಲ್ಲ. ಸರಿಯಾದ ಲೆಕ್ಕ ಬರೆದ ಹಾಳೆಯೊಂದನ್ನು ಯಂತ್ರದ ತಗಡಿನ ಒಳಮೈಗೇ ಸಿಕ್ಕಿಸಿಡುವ ಪದ್ಧತಿ ಹಲವು ತಯಾರಕರಲ್ಲಿದೆ. ಹೊಸದನ್ನು ತರುವ ಮುನ್ನ ತಂತಿಯ ಕೊಂಡಿಯನ್ನೂ ನೋಡಬೇಕು. ವರ್ಷಗಟ್ಟಲೆ ಅದುರಿದ ಯಂತ್ರದಲ್ಲಿ ಕೊಂಡಿ ಸಡಿಲವಾಗಿ, ನಿರಪರಾಧಿಯಾದ ಸೆನ್ಸರು ಶಿಕ್ಷೆ ಅನುಭವಿಸುವುದು ಅಪರೂಪವಲ್ಲ. ಗ್ಯಾಸಿನಿಂದ ನಡೆಯುವ ಡ್ರೈಯರಿನ ತಗಡನ್ನಂತೂ ತಿಳಿದವರಲ್ಲದೆ ಬೇರೆಯವರು ಬಿಚ್ಚಲಾಗದು.

ಇಷ್ಟರವರೆಗಿನ ಕೆಲಸದಲ್ಲಿ ತಪ್ಪಿದರೆ ಬಟ್ಟೆ ಹಸಿಯಾಗಿ ಉಳಿದೀತು, ಹೆಚ್ಚೆಂದರೆ ಸೆನ್ಸರಿನ ಬೆಲೆ ದಂಡವಾದೀತು. ಮೂರನೆಯ ಅಂಗದ ವಿಷಯ ಹಾಗಲ್ಲ. ಅದೇ ಥರ್ಮಲ್ ಫ್ಯೂಸು. ನೋಡಲು ಅದೂ ಎರಡು ತಂತಿಗಳ ಪುಟ್ಟ ಬಿಲ್ಲೆಯೇ. ಆದರೆ ಅದರ ಧರ್ಮ ಬೇರೆ. ಸೆನ್ಸರು ಅರಿಯುವ ಅಂಗ, ಫ್ಯೂಸು ಕಾಯುವ ಅಂಗ. ಶಾಖವು ಮಿತಿಮೀರಿದಾಗ ಅದು ತನ್ನನ್ನೇ ಸುಟ್ಟುಕೊಂಡು ವಿದ್ಯುತ್ತಿನ ದಾರಿಯನ್ನು ಕಡಿದುಹಾಕುತ್ತದೆ, ಮತ್ತೆ ಕೂಡಿಕೊಳ್ಳುವುದಿಲ್ಲ. ಯಂತ್ರವು ಕಾಯುವುದಿಲ್ಲ, ಕೆಲವು ಮಾದರಿಗಳಲ್ಲಿ ತಿರುಗುವುದೂ ಇಲ್ಲ. ಆಗ ಅವಸರದ ರಿಪೇರಿಯವನೊಬ್ಬನು ಫ್ಯೂಸಿನ ಎರಡು ತಂತಿಗಳನ್ನು ಹೆಣೆದು ಟೇಪು ಸುತ್ತಿ, "ಸರಿಹೋಯಿತು ಅಮ್ಮಾ" ಎಂದು ಹಣ ಎಣಿಸಿಕೊಂಡು ಹೋಗುವುದುಂಟು. ಯಂತ್ರ ನಡೆಯುತ್ತದೆ, ಬಟ್ಟೆಯೂ ಒಣಗುತ್ತದೆ. ಆದರೆ ಬಾಗಿಲ ಕಾವಲುಗಾರನ ಶವವನ್ನು ಎಳೆದುಹಾಕಿ, ಅವನನ್ನು ಕೊಂದವನನ್ನು ಒಳಗೇ ಬಿಟ್ಟಂತಾಯಿತು.

ಕೊಂದವನು ಬಹುಮಟ್ಟಿಗೆ ಆ ನೂಲುಧೂಳೇ. ಪ್ರತಿ ಬಟ್ಟೆಯೂ ಉರುಳುವಾಗ ಹತ್ತಿಯ ಹಿಂಜನ್ನು ಉದುರಿಸುತ್ತದೆ. ಜಾಲರಿಯನ್ನು ತಪ್ಪಿಸಿಕೊಂಡದ್ದು ಗಾಳಿಯ ಕೊಳವೆಯಲ್ಲಿ ಗೂಡುಕಟ್ಟುತ್ತದೆ. ಗಾಳಿ ಹೊರಕ್ಕೆ ಹರಿಯದೆ ಶಾಖವು ಒಳಗೇ ಮಡುಗಟ್ಟುತ್ತದೆ. ಆ ಹಿಂಜಾದರೋ ಕಿಡಿ ತಾಗಿದರೆ ಕರ್ಪೂರದಂತೆ ಹೊತ್ತಿಕೊಳ್ಳುವ ಪದಾರ್ಥ. ಅಮೆರಿಕದ ಸರಕಾರದ ಅಗ್ನಿಶಾಮಕ ಆಡಳಿತವು ೨೦೦೮ರಿಂದ ೨೦೧೦ರವರೆಗಿನ ಲೆಕ್ಕ ತೆಗೆದಾಗ, ಮನೆಗಳ ಡ್ರೈಯರುಗಳಿಂದ ವರ್ಷಕ್ಕೆ ಸುಮಾರು ೨,೯೦೦ ಬೆಂಕಿ ಅನಾಹುತಗಳಾಗಿದ್ದುವು. ವರ್ಷಕ್ಕೆ ಐವರು ಸತ್ತು, ನೂರು ಜನ ಗಾಯಗೊಂಡಿದ್ದರು. ಕಾರಣಗಳಲ್ಲಿ ಮೊದಲನೆಯದು, ನೂರಕ್ಕೆ ೩೪ರಷ್ಟು, ಯಂತ್ರವನ್ನು ಶುಚಿಗೊಳಿಸದಿದ್ದುದು. ೨೦೧೬ರ ಆಗಸ್ಟಿನಲ್ಲಿ ಲಂಡನ್ನಿನ ಶೆಫರ್ಡ್ಸ್ ಬುಷ್ ಎಂಬಲ್ಲಿ ಹದಿನೆಂಟು ಅಂತಸ್ತಿನ ವಸತಿಗೃಹಕ್ಕೆ ಬೆಂಕಿ ಹತ್ತಿ ಅನೇಕ ಕುಟುಂಬಗಳು ಹೊರಗೋಡಬೇಕಾಯಿತು. ಅದರ ಮೂಲವೂ ಒಂದು ಮನೆಯ ದೋಷಯುಕ್ತ ಡ್ರೈಯರೇ. ಫ್ಯೂಸು ಹೋದ ಯಂತ್ರಕ್ಕೆ ಅದೇ ಸಂಖ್ಯೆಯ ಹೊಸ ಫ್ಯೂಸು ಹಾಕುವುದರ ಜೊತೆಗೆ, ಕೊಳವೆಯನ್ನು ಕೊನೆಯವರೆಗೂ ಬಿಡಿಸಿ ಗುಡಿಸಲೇಬೇಕು. ಇಲ್ಲದಿದ್ದರೆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ.

ಈ ಸಣ್ಣಪುಟ್ಟ ಭಾಗಗಳು ದೊರೆಯುವುದೇ ಒಂದು ಕಾಲಕ್ಕೆ ದುಸ್ತರವಾಗಿತ್ತು. ಮಾರಿದವನೇ ಬಂದು ಬಿಚ್ಚಬೇಕು, ಅವನು ಹೇಳಿದ ಬೆಲೆಯನ್ನೇ ತೆರಬೇಕು. ರಿಪೇರಿಯು ಬಳಕೆದಾರನ ಹಕ್ಕೆಂಬ ವಾದಕ್ಕೆ ಈಚೆಗೆ ಬಲ ಬಂದಿದೆ. ಐರೋಪ್ಯ ಒಕ್ಕೂಟವು ೨೦೨೪ರಲ್ಲಿ ಅಂಗೀಕರಿಸಿದ ರಿಪೇರಿಯ ನಿರ್ದೇಶನದ ಪಟ್ಟಿಯಲ್ಲಿ ಡ್ರೈಯರುಗಳೂ ಸೇರಿವೆ. ಭಾರತದಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆಯು ೨೦೨೨ರ ಡಿಸೆಂಬರಿನಲ್ಲಿ ಇದೇ ಉದ್ದೇಶದ ಮಾಹಿತಿ ಜಾಲತಾಣವೊಂದನ್ನು ತೆರೆಯಿತು. ಶಾಸನವು ಏನೇ ಹೇಳಲಿ, ಅಂಗಡಿಯವನು ಕೇಳುವುದು ಯಂತ್ರದ ಮಾದರಿಯ ಸಂಖ್ಯೆಯನ್ನು. ಅದು ಬಹುಮಟ್ಟಿಗೆ ಬಾಗಿಲನ್ನು ತೆರೆದರೆ ಅದರ ಚೌಕಟ್ಟಿನ ಮೇಲೆಯೇ ಅಚ್ಚಾಗಿರುತ್ತದೆ. ಯಂತ್ರ ನೆಟ್ಟಗಿರುವಾಗಲೇ ಬರೆದಿಟ್ಟುಕೊಳ್ಳಬಹುದು.

ಹೊಸ ಸೆನ್ಸರನ್ನು ಕೂರಿಸಿದ ಮೇಲೆ, ಮೊದಲ ಸಲಕ್ಕೆ ಒಂದೇ ದಪ್ಪದ ನಾಲ್ಕೈದು ಟವೆಲ್ಲುಗಳನ್ನು ಒದ್ದೆಮಾಡಿ, ಹಿಂಡಿ, ಒಳಗೆ ಹಾಕಿ ನೋಡುವುದು ವಾಡಿಕೆ. ಗಂಟೆ ಬಾರಿಸಿದಾಗ ಅವುಗಳ ಅಂಚಿನ ಹೊಲಿಗೆಯನ್ನು ಬೆರಳಲ್ಲಿ ಹಿಡಿದು ನೋಡಬೇಕು. ತೇವವು ಎಲ್ಲಕ್ಕಿಂತ ಕೊನೆಗೆ ಬಿಟ್ಟುಹೋಗುವ ಜಾಗ ಅದು.